ಕರ್ಪೂರವಿಲ್ಲದ ಮನೆ

ಹೊನ್ನಾವರ ಪೇಟೆಯ ಹಿಂದಿನ ಕೇರಿಯಲ್ಲಿದ್ದ ಹೊನ್ನಮ್ಮನ ಮನೆಯನ್ನು ಕೇರಿಯ ಹೆಂಗಸರು ಮಠವೆಂದು ಕರೆಯುತ್ತಿದ್ದರು. ಮನೆಯವರು ಮೀನು ತಿನ್ನುತ್ತಿದ್ದರು. ಆದರೆ ನೀರುಳ್ಳಿ, ಬೆಳ್ಳುಳ್ಳಿ, ಇಂಗು ಹೊಸ್ತಿಲು ದಾಟಿ ಒಳಗೆ ಬರುತ್ತಿರಲಿಲ್ಲ. ಕಾಫಿ ಕಾಯಿಸುತ್ತಿರಲಿಲ್ಲ. ದೇವರಿಗೆ ತುಪ್ಪದ ಬತ್ತಿಯ ಆರತಿಯಾಗುತ್ತಿತ್ತು, ಕರ್ಪೂರ ಹಚ್ಚುತ್ತಿರಲಿಲ್ಲ. ಹೊನ್ನಮ್ಮ ತನ್ನ ಎಲೆಯಡಿಕೆಯ ಕವಳದ ಹೊಗೆಸೊಪ್ಪನ್ನೂ ಬಿಟ್ಟಿದ್ದಳು. ಇದು ಯಾವ ದೇವರ ಹರಕೆಯೂ ಆಗಿರಲಿಲ್ಲ. ಆಕೆಯ ಮೈದುನ ರಮಾನಂದನ ಮದ್ದಿನ ಪೆಟ್ಟಿಗೆ ನಡುಮನೆಯ ಕಪಾಟಿನಲ್ಲಿತ್ತು. ಖಾರವಾದ ವಾಸನೆ ತಗಲಿದರೆ ಅದರೊಳಗಿನ ಗುಳಿಗೆಗಳ ಸತ್ವ ಹೋಗುತ್ತದೆಂದು ಅವನು ಹೇಳಿದ್ದನು. ಆ ಮಾತನ್ನು ಮನೆಯವರು ಹದಿನೈದು ವರ್ಷ ಪಾಲಿಸಿಕೊಂಡು ಬಂದಿದ್ದರು.

ರಮಾನಂದ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದು ಪಿಂಚಣಿ ಪಡೆದವನು. ಕೆಲಸದಲ್ಲಿದ್ದಾಗಲೇ ಕಲ್ಕತ್ತೆಯಿಂದ ಪುಸ್ತಕ ತರಿಸಿ ಹೋಮಿಯೋಪತಿ ಕಲಿತಿದ್ದನು. ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಹೊನ್ನಮ್ಮನ ಗಂಡನಾದ ಅಣ್ಣ ತೀರಿಕೊಂಡ ಮೇಲೆ ಅವರ ಮಗ ದೇವುವನ್ನು ಅವನೇ ಸಾಕಿ, ಓದಿಸಿ, ಶರಾವತಿಯ ತಾರಿಯಲ್ಲಿ ದೋಣಿಯ ಟಿಕೇಟು ಕೊಡುವ ಕೆಲಸಕ್ಕೆ ಸೇರಿಸಿದ್ದನು. ಆದುದರಿಂದ ಆ ಮನೆಯಲ್ಲಿ ಮೊದಲ ಎಲೆ ಅವನದು, ಕೊನೆಯ ಮಾತೂ ಅವನದು.

ಸಾವಿರದ ಒಂಬೈನೂರ ನಲವತ್ತೊಂಬತ್ತರ ಮಾರ್ಚಿನಲ್ಲಿ ದೇವು ತಾರಿಯ ಏರು ಹತ್ತುವಾಗ ಎದೆ ಹಿಡಿದುಕೊಂಡು ಕುಳಿತನು; ಮತ್ತೆ ಏಳಲಿಲ್ಲ. ಅವನ ಹೆಂಡತಿ ಗಂಗಾ, ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ಮಗಳು ವನಮಾಲಾ ಉಳಿದರು. ಒಂದು ವಿಮೆಯ ಪಾಲಿಸಿಯೂ ಉಳಿಯಿತು. ಅದನ್ನು ಮಾಡಿಸಿ ಎರಡೇ ವರ್ಷವಾಗಿತ್ತು. ಹಣ ಬಂದರೆ ಗಂಗಾ ಒಂದು ಹೊಲಿಗೆಯ ಮೆಷಿನ್ ಕೊಂಡು ಇಲ್ಲಿಯೇ ಇರುವಳು, ಮಗಳ ಓದು ನಡೆಯುವುದು. ಬಾರದಿದ್ದರೆ ಸಂತೆಗುಳಿಯ ಅಣ್ಣನ ಮನೆಗೆ ಹೋಗಬೇಕು. ಅಲ್ಲಿ ಅತ್ತಿಗೆಯ ಕೈಕೆಳಗೆ ಕೆಲಸ ಉಂಟು, ಶಾಲೆ ಇಲ್ಲ.

ಹನ್ನೆರಡನೆಯ ದಿನದ ಬೊಜ್ಜವಾಗಿ ಒಂದು ವಾರಕ್ಕೆ ವಿಮೆಯ ಏಜೆಂಟ್ ವೆಂಕಟ್ರಮಣ ಕುಮಟೆಯಿಂದ ಬಂದನು. ಹೊನ್ನಮ್ಮ ಅವನಿಗೆ ಬೆಲ್ಲ, ನೀರು ಕೊಟ್ಟಳು.

"ಕಾಫಿ ಸಿಕ್ಕೂದಿಲ್ಲ ಅಂತ ಗೊತ್ತಿದ್ದೇ ಪೇಟೆಯಲ್ಲಿ ಕುಡ್ದು ಬಂದೆ ಹೊನ್ನಮ್ಮ," ಎಂದನು ವೆಂಕಟ್ರಮಣ. ಬಳಿಕ ದನಿ ತಗ್ಗಿಸಿದನು. "ಹುಬ್ಬಳ್ಳಿಯಿಂದ ಒಬ್ರು ತನಿಖೆಗೆ ಬತ್ರು. ಪಾಲಿಸಿ ಮಾಡಿ ಎರಡೇ ವರ್ಷಕ್ಕೆ ಮನ್ಷ ಹೋದ ಅಂದ್ರೆ ಕಂಪನಿ ಕೇಳೂದೇ. ಹೆದ್ರೂಕೆ ಕಾರಣ ಇಲ್ಲ."

"ಎಂತ ಕೇಳ್ತ್ರು?" ಎಂದಳು ಗಂಗಾ ಬಾಗಿಲ ಮರೆಯಿಂದ.

"ಮೊದಲೇ ಕಾಯಿಲೆ ಇತ್ತಾ, ಯಾರದ್ದಾದ್ರೂ ಮದ್ದು ನಡೀತಿತ್ತಾ, ಇಷ್ಟೇ. ಅವತ್ತು 'ಇಲ್ಲ' ಅಂತ ಬರ್ದದ್ದಿದೆಯಲ್ಲ, ಅದನ್ನೇ ಹೇಳಿ."

ಎರಡು ವರ್ಷದ ಹಿಂದೆ ಪಾಲಿಸಿ ಮಾಡಿಸಿದ ದಿನವೂ ಗಂಗಾ ಅದೇ ಬಾಗಿಲಲ್ಲಿ ನಿಂತಿದ್ದಳು. ವೆಂಕಟ್ರಮಣ ಜಗಲಿಯಲ್ಲಿ ಕಾಗದ ತುಂಬುತ್ತ, "ಎಂತಾದ್ರೂ ಮದ್ದು ತಕಂತ್ಯಾ ದೇವು?" ಎಂದು ಕೇಳಿದಾಗ ದೇವು ಚಿಕ್ಕಪ್ಪನ ಮುಖ ನೋಡಿದ್ದನು. ಏರು ಹತ್ತುವಾಗ ಎದೆ ಹಿಡಿಯುತ್ತದೆಂದು ಚಿಕ್ಕಪ್ಪನ ಗುಳಿಗೆಗಳನ್ನು ಅವನು ಮೂರು ವರ್ಷದಿಂದ ನುಂಗುತ್ತಿದ್ದನು.

"ಇಲ್ಲ ಅಂತ ಬರಿ," ಎಂದಿದ್ದನು ರಮಾನಂದ. "ನಮ್ಮ ಗುಳಿಗೆಗೆ ಸರಕಾರವೇ ಮದ್ದು ಹೇಳೂದಿಲ್ಲ. ಕಾಯ್ದೆಯಲ್ಲಿ ಇಲ್ಲದ್ದು ನಿನ್ನ ಕಾಗದಕ್ಕೆ ಎಂತಕೆ?"

ಆ ಮಾತಿನಲ್ಲಿ ಯಾರಿಗೂ ಸುಳ್ಳು ಕಾಣಲಿಲ್ಲ. ಮದ್ದು ಎಂದರೆ ದವಾಖಾನೆಯ ಶೀಶೆಯಲ್ಲಿ ಬರುವುದು, ಕಹಿಯಾಗಿರುವುದು. ರಮಾನಂದನ ಗುಳಿಗೆಯನ್ನು ಕೇರಿಯ ಮಕ್ಕಳು ಅಳುವಾಗ ಬಾಯಿಗೆ ಹಾಕುತ್ತಿದ್ದರು. ಕಂಪನಿಯ ಡಾಕ್ಟರರು ದೇವುವಿನ ಎದೆಗೆ ಕೊಳವೆ ಇಟ್ಟು ನೋಡಿದ ದಿನ ಅವನಿಗೆ ನೋವಿರಲಿಲ್ಲ. ಕಾಗದ ಮುಂದಕ್ಕೆ ಹೋಯಿತು.

ಏಪ್ರಿಲಿನಲ್ಲಿ ಇನ್ನೊಂದು ಸುದ್ದಿ ಮನೆಗೆ ಬಂದಿತು. ಆಯುರ್ವೇದದ ಪಂಡಿತರನ್ನು ಮುಂಬೈ ಸರಕಾರ ಮೊದಲೇ ಪಟ್ಟಿಗೆ ಸೇರಿಸಿತ್ತು. ಹೋಮಿಯೋಪತಿಯವರಿಗೂ ಅಂಥದೊಂದು ಪಟ್ಟಿಯಾಗಲಿದೆ, ವಿಚಾರಣೆ ನಡೆಯುತ್ತಿದೆ ಎಂದು ರಮಾನಂದ ಪತ್ರಿಕೆಯಲ್ಲಿ ಓದಿದನು. ಊಟಕ್ಕೆ ಕುಳಿತಾಗ ಅದನ್ನು ಎರಡು ಸಲ ಹೇಳಿದನು.

"ಪಟ್ಟಿಗೆ ಸೇರಿದ್ರೆ ಎಂತ ಆತದೆ ಸಣ್ಣಜ್ಜ?" ಎಂದಳು ವನಮಾಲಾ.

"ಬೋರ್ಡು ಹಾಕೂಕೆ ಆತದೆ. ನಾ ಬರ್ದುಕೊಟ್ಟ ಸರ್ಟಿಫಿಕೇಟಿಗೆ ಕಚೇರಿಯಲ್ಲಿ ರಜೆ ಸಿಕ್ತದೆ. ಈಗ ದವಾಖಾನೆಯ ಕಂಪೌಂಡರನೂ ನಂಗೆ 'ಸಕ್ಕರೆ ಮಾಸ್ತರ' ಹೇಳ್ತ. ಆಗ ಹೇಳೂಕಾತದಾ?"

"ಮತ್ತಿಷ್ಟು ಅನ್ನ ಹಾಕಲಾ?" ಎಂದಳು ಹೊನ್ನಮ್ಮ.

"ಹಾಕು ಅತ್ಗೆ. ಹಿಂದಿಂದ ವೈದ್ಯ ಮಾಡ್ತಾ ಬಂದವ್ರಿಗೆ ಮಾತ್ರ ಅಂತೆ. ಪುರಾವೆ ಬೇಕು."

ಗಂಗಾ ಬಂಗಡೆಯ ಸಾರಿನ ಸಟ್ಟುಗವನ್ನು ಕೈಯಲ್ಲಿ ಹಿಡಿದು ನಿಂತಳು. ಲೆಕ್ಕ ಕಷ್ಟದ್ದಾಗಿರಲಿಲ್ಲ. ಗುಳಿಗೆ ಮದ್ದಾದರೆ ವಿಮೆಯ ಹಣವಿಲ್ಲ. ಗುಳಿಗೆ ಮದ್ದಲ್ಲವಾದರೆ ರಮಾನಂದ ವೈದ್ಯನಲ್ಲ. ಎರಡನ್ನೂ ಉಳಿಸಿಕೊಳ್ಳುವ ದಾರಿ ಇರಲಿಲ್ಲ. ಅವಳಿಗೆ ಅದು ಆಗಲೇ ತಿಳಿಯಿತು. ಅವನಿಗೆ ತಿಳಿದಿದೆಯೋ ಎಂದು ಕೇಳುವ ಧೈರ್ಯಕ್ಕೆ ಮೂರು ವಾರ ಬೇಕಾಯಿತು.

ತನಿಖೆಯವರು ಮರುದಿನ ಬರುವರೆಂದು ಗೊತ್ತಾದಾಗ ಅವಳು ಕೇಳಿದಳು. ರಮಾನಂದ ಹಿತ್ತಿಲ ಬಾವಿಕಟ್ಟೆಯ ಮೇಲೆ ಶೀಶೆಗಳನ್ನು ಬಿಸಿಲಿಗೆ ಬೋರಲು ಹಾಕುತ್ತಿದ್ದನು. ಬಾವಿಯಿಂದ ನೀರು ಸೇದಿಟ್ಟು ಗಂಗಾ ದೂರದಲ್ಲಿ ನಿಂತಳು.

"ಸಣ್ಣ ಮಾವ, ನಾಳೆ ಅವ್ರು ನಿಮ್ಮನ್ನೇ ಕೇಳ್ತ್ರು."

"ಕೇಳ್ಲಿ."

"ನೀವು ಅವತ್ತು ಹೇಳಿದ್ದನ್ನೇ ಹೇಳ್ತ್ರಲ್ಲ?"

ಅವನು ಒಂದು ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದನು. "ದೇವುನ್ನ ನಾ ಸಾಕಿದ್ದು ಗಂಗಾ. ಅವನ ಮಗಳ ಬಾಯಿಗೆ ನಾ ಮಣ್ಣು ಹಾಕ್ತ್ನಾ?"

"ಹಾಕ್ತ್ರಿ ಅಂತ ಹೇಳ್ಲಿಲ್ಲ. ಮಾತು ಕೊಡಿ ಅಂದೆ."

"ಕೊಟ್ಟೆ. ನಾ ವೈದ್ಯ ಅಲ್ಲ, ಕೊಟ್ಟದ್ದು ಮದ್ದಲ್ಲ. ಆತಾ?"

"ಆತು."

ಹೊನ್ನಮ್ಮ ಹಿತ್ತಿಲ ಬಾಗಿಲಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದಳು. ಈ ಮಾತನ್ನು ಅವಳೂ ಕೇಳಿದಳು. ಅಂದು ಸಂಜೆ ಮೈದುನನಿಗೆಂದು ಹೆಸರುಬೇಳೆಯ ಪಾಯಸ ಮಾಡಿದಳು. ಮಗನ ಸೂತಕ ಕಳೆದ ಮೇಲೆ ಆ ಒಲೆಯ ಮೇಲೆ ಆದ ಮೊದಲ ಸಿಹಿ ಅದು.

ತನಿಖೆಯವರು ದಪ್ಪ ಕನ್ನಡಕದ, ಒಳ್ಳೆಯ ಮಾತಿನ ಮನುಷ್ಯ. ವೆಂಕಟ್ರಮಣನೊಡನೆ ಬಂದು ಜಗಲಿಯ ಬೆಂಚಿನ ಮೇಲೆ ಕುಳಿತರು. ಇನ್ನೊಂದು ತುದಿಯಲ್ಲಿ ರೋಗಿಗಳಿಬ್ಬರು ಕುಳಿತಿದ್ದರು. ಅವರಲ್ಲೊಬ್ಬ ಶಿರಾಲಿಯ ಅಂಗಡಿಕಾರ ದುರ್ಗಪ್ಪ. ಹೊಟ್ಟೆಯುರಿಗೆ ಗುಳಿಗೆ ಒಯ್ಯಲು ತಾರಿ ದಾಟಿ ಬರುತ್ತಿದ್ದವನು.

ಹೊನ್ನಮ್ಮ ಮಜ್ಜಿಗೆ ತಂದಿಟ್ಟಳು.

"ಚಾ, ಕಾಫಿ ಏನೂ ಇಲ್ಲೇನ್ರಿ ಅಮ್ಮಾ? ರಾತ್ರಿಯೆಲ್ಲ ಮೋಟಾರಿನ್ಯಾಗ ಕುಂತು ತಲಿ ನೋಯಾಕತ್ತೇತಿ."

"ಕಾಫಿ ನಮ್ಮಲ್ಲಿ ಮಾಡೂದಿಲ್ಲ. ಗುಳಿಗೆಗೆ ಆಗೂದಿಲ್ಲ," ಎಂದಳು ಹೊನ್ನಮ್ಮ. ಬಂದವರಿಗೆಲ್ಲ ಹದಿನೈದು ವರ್ಷ ಹೇಳಿದ ಉತ್ತರ ಅದು. ತಾನಾಗಿ ಬಾಯಿಗೆ ಬಂದಿತು.

ವೆಂಕಟ್ರಮಣ ಕೆಮ್ಮಿದನು. ತನಿಖೆಯವರು ಮಜ್ಜಿಗೆಯ ಲೋಟ ಕೆಳಗಿಟ್ಟರು.

"ಗುಳಿಗಿ? ಮನ್ಯಾಗ ಎಲ್ಲಾರೂ ತಗೋತೀರೇನು? ದೇವು ನಾಯ್ಕರೂ ತಗೋತಿದ್ರೇನು?"

ಗಂಗಾ ಬಾಗಿಲ ಮರೆಯಿಂದ ಹೊರಗೆ ಬಂದು ನಿಂತಳು. "ನೆಗಡಿ ಬಂದ್ರೆ ಮಕ್ಕಳಿಗೆ ಕೊಟ್ಟಂಗೆ ಅವ್ರಿಗೂ ಕೊಡೂದಿತ್ತು. ಸಕ್ಕರೆ ಅದು. ನೀವು ಬೇಕಾದ್ರೆ ಬಾಯಿಗೆ ಹಾಕಿ ನೋಡಿ."

ತನಿಖೆಯವರು ನಕ್ಕರು. ಅವರಿಗೂ ಸಂಜೆಯ ಮೊದಲು ಊರು ಬಿಡಬೇಕಾಗಿತ್ತು. "ಇರಲಿ ತಂಗಿ. ಇದು ನಮಗ ಹೊಸದಲ್ಲ. ಮನಿಯ ಹಿರಿಯರು ಸಕ್ಕರಿ ಗುಳಿಗಿ ಕೊಡ್ತಿದ್ರು ಅಂದ್ರ ಕಂಪನಿ ಅದಕ್ಕ ಚಿಕಿತ್ಸಾ ಅನ್ನೂದಿಲ್ಲ. ಸರಕಾರದ ಪಟ್ಟಿಯೊಳಗಿನ ವೈದ್ಯರು ನೋಡಿದ್ರ ಮಾತ್ರ ಚಿಕಿತ್ಸಾ. ಹಿರಿಯರು ಒಂದು ಸಹಿ ಮಾಡಿದ್ರ ಮುಗೀತು."

ಅವರು ಬರೆದರು, ಬರೆದದ್ದನ್ನು ದೊಡ್ಡದಾಗಿ ಓದಿದರು. "ನಾನು ವೈದ್ಯನಲ್ಲ. ಎಂದೂ ವೈದ್ಯವೃತ್ತಿ ನಡೆಸಿದವನಲ್ಲ. ನಾನು ಕೊಟ್ಟದ್ದು ಔಷಧವಲ್ಲ."

ರಮಾನಂದ ಲೇಖನಿ ತೆಗೆದುಕೊಂಡನು. "ಈ ಕಾಗದ ಎಲ್ಲಿ ಇರ್ತದೆ?"

"ನಮ್ಮ ಕಚೇರಿಯೊಳಗ."

"ಸರಕಾರದವ್ರು ಕೇಳಿದ್ರೆ?"

"ಕೇಳಿದ್ರ ತೋರಸಬೇಕಾಗ್ತದ. ಯಾರು ಕೇಳ್ತಾರ ಬಿಡ್ರಿ."

"ಸಣ್ಣ ಮಾವ," ಎಂದಳು ಗಂಗಾ.

ಅವನು ಕಾಗದದ ಮೇಲೆ ಬಗ್ಗಿದನು. ಆಗ ಬೆಂಚಿನ ತುದಿಯಿಂದ ದುರ್ಗಪ್ಪ ಬಾಯಿ ಹಾಕಿದನು. ಅವನಿಗೆ ಯಾವ ದುರುದ್ದೇಶವೂ ಇರಲಿಲ್ಲ. ಅಂಗಡಿಯಲ್ಲಿ ಕುಳಿತು ನಗೆಯಾಡುವ ಅಭ್ಯಾಸವಿತ್ತು.

"ಎಂತ ಡಾಕ್ಟ್ರೆ, ಹಂಗಾರೆ ಇಷ್ಟು ದಿನ ನಾ ತಿಂದದ್ದು ಸಕ್ಕರೆಯಾ? ಸಕ್ಕರೆ ನನ್ನ ಅಂಗಡಿಯಲ್ಲೇ ಇತ್ತಲ್ರಾ. ತಾರಿ ದಾಟಿ ಬಪ್ಪುದು ತಪ್ತಿತ್ತು."

ಪಕ್ಕದಲ್ಲಿದ್ದ ರೋಗಿಯೂ ನಕ್ಕನು. ತನಿಖೆಯವರು ಸಹ ನಕ್ಕರು.

ರಮಾನಂದ ತಲೆ ಎತ್ತಿದನು. ಲೇಖನಿಯನ್ನು ಬೆಂಚಿನ ಮೇಲಿಟ್ಟನು.

"ಇದು ತಪ್ಪು," ಎಂದನು. "ನಾನು ವೈದ್ಯ. ಹದಿನೈದು ವರ್ಷದಿಂದ ವೈದ್ಯ ಮಾಡ್ತಾ ಇದ್ದೆ. ಹೀಗೆ ಬರೀರಿ."

"ದೇವು ನಾಯ್ಕರಿಗೆ?"

"ದೇವು ನನ್ನ ರೋಗಿ. ಐದು ವರ್ಷದಿಂದ ಎದೆನೋವು ಇತ್ತು. ನನ್ನ ಮದ್ದಿಂದಲೇ ಅವ ಅಷ್ಟು ದಿನ ನಡ್ದ."

ತನಿಖೆಯವರು ಗಂಗಾಳ ಮುಖವನ್ನು ನೋಡಿ, ರಮಾನಂದನ ಮುಖವನ್ನು ನೋಡಿದರು. "ಹಿರಿಯರ, ಐದು ವರ್ಷ ಅಂದ್ರ ಪಾಲಿಸಿಗಿಂತ ಮೊದಲ ಆತು. ವಿಚಾರ ಮಾಡಿ ಹೇಳ್ರಿ."

"ಮಾಡಿಯೇ ಹೇಳಿದ್ದು."

ಅವರು ಮೊದಲು ಬರೆದದ್ದನ್ನು ಹೊಡೆದು ಹಾಕಿ ಹೊಸದಾಗಿ ಬರೆದರು. ರಮಾನಂದ ಸಹಿ ಮಾಡಿದನು. ಹೆಸರಿನ ಮೊದಲು 'ಡಾ.' ಎಂದು ಸೇರಿಸಿದನು. ಹೊರಗಿನವರ ಕಾಗದದ ಮೇಲೆ ಅವನು ಹಾಗೆ ಬರೆದದ್ದು ಅದೇ ಮೊದಲು. ಅನಂತರ ಅದರದೊಂದು ನಕಲು ತನಗೂ ಬೇಕೆಂದು ಕೇಳಿದನು.

ಮೇ ತಿಂಗಳ ಕೊನೆಗೆ ವೆಂಕಟ್ರಮಣ ಮತ್ತೆ ಬಂದನು. ಬೆಂಚಿನ ಮೇಲೆ ಕುಳಿತುಕೊಳ್ಳಲಿಲ್ಲ. ಕಂಪನಿ ಹಣ ಕೊಡುವುದಿಲ್ಲವೆಂದು ತಿಳಿಸಿದೆ ಎಂದನು; ಕಾಯಿಲೆಯನ್ನೂ ಚಿಕಿತ್ಸೆಯನ್ನೂ ಮುಚ್ಚಿಟ್ಟದ್ದೇ ಕಾರಣ.

"ನನ್ನ ಏಜೆನ್ಸಿಗೂ ಕುತ್ತು ಬಂತು ಗಂಗಾ," ಎಂದನು. "ಅವತ್ತು ಕೇಳಿ ಬರ್ದದ್ದು ನಾನಲ್ವಾ."

"ನಿಮ್ಮದು ತಪ್ಪಿಲ್ಲ ವೆಂಕಟ್ರಮಣಣ್ಣ. ನಾವು ಹೇಳಿದಂಗೆ ನೀವು ಬರ್ದಿರಿ."

ಆ ಮಧ್ಯಾಹ್ನ ಗಂಗಾ ಎಂದಿನಂತೆ ಎಲೆ ಹಾಕಿ ಬಡಿಸಿದಳು. ರಮಾನಂದ ಅನ್ನ ಕಲಸಿದನು.

"ಸುಳ್ಳು ಹೇಳಿ ತಂದ ದುಡ್ಡು ದಕ್ಕೂದಿಲ್ಲ," ಎಂದನು.

"ಸುಳ್ಳು ಬರ್ಸಿದ್ದು ನೀವು. ಸತ್ಯ ಬರ್ಸಿದ್ದೂ ನೀವು," ಎಂದಳು ಗಂಗಾ. "ಎರಡರಲ್ಲೂ ನಂಗೆ ಎಂತ ಬಂತು?"

"ನಿಂಗೆ ಕಾಯ್ದೆ ತಿಳಿಯೂದಿಲ್ಲ."

"ಕಾಯ್ದೆ ತಿಳಿಯೂದಿಲ್ಲ. ಬಾವಿಕಟ್ಟೆಯಲ್ಲಿ ಎಂತ ಹೇಳಿದ್ರಿ ಅದು ತಿಳೀತದೆ."

"ನಾಕು ಜನರ ಮುಂದೆ ನಾ ಸಕ್ಕರೆ ಮಾಸ್ತರ ಆಗ್ಬೇಕಿತ್ತಾ?"

"ಒಂದು ದಿನ ಆಗಿದ್ರೆ ಸಾಕಿತ್ತು. ನಾನು ಜನ್ಮಪೂರ್ತಿ ಅಣ್ಣನ ಮನೆಯಲ್ಲಿ ಆಳಾಗ್ಬೇಕು."

"ಯಾರು ಹೋಗು ಹೇಳಿದ್ರು? ನನ್ನ ಪಿಂಚಣಿ ಇದೆ, ಗಂಜಿಗೆ ಕಮ್ಮಿ ಇಲ್ಲ. ವನಮಾಲನ ಶಾಲೆ ಸಾಕು. ಹೆಣ್ಣುಮಕ್ಕಳಿಗೆ ಅಷ್ಟೇ ಬಹಳ ಆತು. ಪಟ್ಟಿಗೆ ಹೆಸರು ಸೇರಿದ್ರೆ ರೋಗಿಗಳು ಹೆಚ್ಚಾತ್ರು. ಶೀಶೆ ತೊಳ್ಯೂಕೆ, ಚೀಟಿ ಅಂಟ್ಸೂಕೆ ನಂಗೆ ಒಬ್ರು ಬೇಕು."

ವನಮಾಲಾ ಉಣ್ಣುತ್ತಿದ್ದವಳು ಕೈ ನಿಲ್ಲಿಸಿದಳು. ಮಗುವಿನ ಮುಖ ನೋಡಿ ಹೊನ್ನಮ್ಮ ಬಾಯಿ ತೆರೆದಳು.

"ರಮಾನಂದ, ಕಾರವಾರದ ಡಾಕ್ಟರಿಗೆ ಎದೆ ತೋರ್ಸಿ ಬತ್ತೆ ಅಂತ ದೇವು ಹೋದ್ವರ್ಷ ನಿನ್ನ ಕೇಳಿದ್ದ. ನೆನ್ಪಿದ್ಯಾ?"

"ಎರಡು ಪದ್ಧತಿಯ ಮದ್ದು ಒಟ್ಟಿಗೆ ನಡೆಯೂದಿಲ್ಲ ಅತ್ಗೆ. ನಾ ಹೇಳಿದ್ದು ಸರಿ."

"ಆಗ ಮದ್ದಾಗಿತ್ತು ಅಲ್ದಾ?"

"ಆಗಿತ್ತು."

"ವೆಂಕಟ್ರಮಣ ಬಂದಾಗ ಅಲ್ಲ ಆತು. ಹುಬ್ಬಳ್ಳಿಯವ್ರು ಬಂದಾಗ ಮತ್ತೆ ಹೌದಾತು." ಅವಳು ಮಜ್ಜಿಗೆಯ ಪಾತ್ರೆಯನ್ನು ಅವನ ಎಲೆಯ ಪಕ್ಕದಲ್ಲಿಟ್ಟಳು, ತಾನಾಗಿ ಬಡಿಸಲಿಲ್ಲ. "ಹಾಕ್ಕೊ."

ಗಂಗಾ ಎಂದಿನ ಕೆಲಸ ಬಿಡಲಿಲ್ಲ. ಅಂಗಳ ಗುಡಿಸಿದಳು, ಭತ್ತ ಕುಟ್ಟಿದಳು, ರೋಗಿಗಳು ಬಂದರೆ ಒಳಗೆ ತಿಳಿಸಿದಳು. ಸಂತೆಗುಳಿಗೆ ಹೇಳಿ ಕಳುಹಿಸಿದಳು. ಶಾಲೆ ತೆರೆಯುವ ವಾರದಲ್ಲಿ ಅವಳ ಅಣ್ಣ ನಾಗು ಕುಮಟೆಯ ಮೋಟಾರು ನಿಲ್ಲುವಲ್ಲಿ ಗಾಡಿ ತರುವುದೆಂದು ಗೊತ್ತಾಯಿತು. ವನಮಾಲಾ ತನ್ನ ಪುಸ್ತಕಗಳನ್ನು ನೆರೆಮನೆಯ ಶ್ರೀಮತಿಗೆ ಕೊಟ್ಟು ಬಂದಳು. ಭೂಗೋಳದ ಪುಸ್ತಕವನ್ನು ಮಾತ್ರ ಕೊಡದೆ ಸೀರೆಗಳ ಗಂಟಿನಲ್ಲಿ ಸೇರಿಸಿದಳು. ಗಂಗಾ ಅದನ್ನು ಕಂಡರೂ ಹೊರಗೆ ತೆಗೆಯಲಿಲ್ಲ.

ಹೊರಡುವ ದಿನ ಬೆಳಗ್ಗೆ ಅವಳು ಪೇಟೆಗೆ ಹೋಗಿ ಬಂದಳು. ಸೆರಗಿನಲ್ಲಿ ಬೆಳ್ಳುಳ್ಳಿ, ನೀರುಳ್ಳಿ, ಒಂದು ಚೂರು ಇಂಗು, ಒಂದು ಪೊಟ್ಟಣ ಕಾಫಿಪುಡಿ ಇದ್ದವು. ಹೊಸ್ತಿಲಲ್ಲಿ ಕುಳಿತಿದ್ದ ಹೊನ್ನಮ್ಮ ಅವನ್ನು ನೋಡಿದಳು. ಗಂಗಾ ನಿಂತಳು. ತಡೆಯುವುದಾದರೆ ಅತ್ತೆ ಅಲ್ಲಿಯೇ ತಡೆಯಬಹುದಾಗಿತ್ತು.

"ಕರ್ಪೂರ ತಂದಿದ್ಯಾ?" ಎಂದಳು ಹೊನ್ನಮ್ಮ.

"ಇಲ್ಲ ಅತ್ತೆ."

"ಶ್ರೀಮತಿಯ ಮನೆಯಲ್ಲಿ ಇರ್ತದೆ. ನಾ ತತ್ತೆ. ನೀ ಒಲೆ ಹಚ್ಚು."

ರಮಾನಂದ ಜಗಲಿಯಲ್ಲಿ ಒಬ್ಬ ಹೆಂಗಸಿನ ನಾಲಗೆಯನ್ನು ನೋಡುತ್ತಿದ್ದನು. ಮೊದಲು ಕಾಫಿಯ ವಾಸನೆ ಬಂದಿತು. ಪಕ್ಕದ ಮನೆಯದೆಂದು ತಿಳಿದನು. ನೀರುಳ್ಳಿ ಹುರಿಯುವ ವಾಸನೆ ಬಂದಾಗ ತಲೆ ಎತ್ತಿದನು. ಕಾದ ಎಣ್ಣೆಗೆ ಬೆಳ್ಳುಳ್ಳಿ, ಇಂಗು ಬಿದ್ದ ಸದ್ದು ಕೇಳಿದ ಕೂಡಲೆ ಎದ್ದು ಒಳಗೆ ಬಂದನು.

ನಡುಮನೆಯಲ್ಲಿ ಹೊಗೆ ತುಂಬಿತ್ತು. ಹೊನ್ನಮ್ಮ ದೇವರ ಮುಂದೆ ಕರ್ಪೂರ ಬೆಳಗಿ, ಆರತಿಯ ತಟ್ಟೆ ಹಿಡಿದು ಮನೆಯ ಮೂಲೆಮೂಲೆಗೆ ತೋರಿಸುತ್ತ ಬರುತ್ತಿದ್ದಳು. ಅವಳ ದವಡೆಯಲ್ಲಿ ಹೊಗೆಸೊಪ್ಪಿನ ಕವಳವಿತ್ತು. ಕಪಾಟಿನ ಬಾಗಿಲು ತೆರೆದಿತ್ತು. ಅವಳು ಅಲ್ಲಿ ನಿಂತು ಮದ್ದಿನ ಪೆಟ್ಟಿಗೆಗೂ ಮೂರು ಸುತ್ತು ಆರತಿ ಎತ್ತಿದಳು.

"ಅತ್ಗೆ, ಎಂತ ಮಾಡ್ತೆ ನೀನು," ಎಂದನು ರಮಾನಂದ. ಪೆಟ್ಟಿಗೆಯ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದನು. "ಮದ್ದೆಲ್ಲ ಹಾಳಾತು. ಹದಿನೈದು ವರ್ಷದ ಮದ್ದು."

"ನೀನೇ ಹೇಳಿದ್ದಲ್ದಾ, ಮದ್ದಲ್ಲ ಅಂತ. ಬಾವಿಕಟ್ಟೆಯಲ್ಲಿ ನಾ ಕೇಳಿದ್ದೆ," ಎಂದಳು ಹೊನ್ನಮ್ಮ. "ಸಕ್ಕರೆಗೆ ಎಂತ ಆತದೆ?"

ಅವನು ಗಂಗಾಳ ಕಡೆ ತಿರುಗಿದನು. ಅವಳು ಅಡಿಗೆಮನೆಯಲ್ಲಿ ನಾಲ್ಕು ಎಲೆ ಹಾಕಿದ್ದಳು. ಮೊದಲ ಎಲೆ ಎಂದಿನ ಸ್ಥಳದಲ್ಲಿಯೇ ಇತ್ತು. ಅನ್ನದ ಮೇಲೆ ಬೆಳ್ಳುಳ್ಳಿಯ ಒಗ್ಗರಣೆಯ ಸಾರು ಹಬೆಯಾಡುತ್ತಿತ್ತು. ಬದಿಗೆ ಒಂದು ಲೋಟ ಕಾಫಿ.

"ಬಡ್ಸಿದ್ದೆ, ಡಾಕ್ಟ್ರೆ," ಎಂದಳು.

ಹದಿನಾರು ವರ್ಷದಲ್ಲಿ ಅವಳು ಅವನನ್ನು ಸಣ್ಣ ಮಾವ ಎನ್ನದೆ ಕರೆದದ್ದು ಅದೊಂದೇ ಸಲ. ಅವನು ಕೂರಲಿಲ್ಲ. ಪೆಟ್ಟಿಗೆಯ ಮೇಲಿನ ಕೈಯನ್ನೂ ತೆಗೆಯಲಿಲ್ಲ. ಜಗಲಿಯಿಂದ ರೋಗಿಯ ಹೆಂಗಸು, "ಡಾಕ್ಟ್ರೆ, ನಾ ಕೂತಿರೂದಾ ಹೋಗೂದಾ?" ಎಂದು ಕೇಳಿದಳು.

ಹೆಂಗಸರು ಉಂಡರು. ವನಮಾಲಾ ಎರಡನೆಯ ಸಲ ಸಾರು ಹಾಕಿಸಿಕೊಂಡಳು. ಆ ಮನೆಯಲ್ಲಿ ಅವಳು ಬೆಳ್ಳುಳ್ಳಿಯ ರುಚಿ ಕಂಡದ್ದು ಅಂದೇ. ಉಂಡು ಕೈ ತೊಳೆದು, ತಾಯಿ ಮಗಳು ಗಂಟು ಎತ್ತಿಕೊಂಡು ಕುಮಟೆಯ ಮೋಟಾರಿಗೆ ನಡೆದರು. ಹೊನ್ನಮ್ಮ ಕೇರಿಯ ತಿರುವಿನ ತನಕ ಅವರ ಜೊತೆ ಹೋಗಿ, ಮನೆಗೆ ಹಿಂತಿರುಗಿ, ಮುಟ್ಟದೆ ಬಿಟ್ಟಿದ್ದ ಆ ಎಲೆಯನ್ನು ಎತ್ತಿ ದನಕ್ಕೆ ಹಾಕಿದಳು.